ಮನೇಲಿ ನಾಯಿ, ಬೆಕ್ಕು ಇದ್ದಾಗ ಕೋಳಿಮರಿ ಮಾಡಿಸಬಹುದಾ?

ಓದುಗರ ಪ್ರಶ್ನೆ: ನಮ್ಮನೇಲಿ ಎರಡು ವರ್ಷದ ನಾಯಿ ಇದೆ, ಒಂದು ಬೆಕ್ಕೂ ಇದೆ. ಎರಡೂ ತುಂಬಾ ಸಾಧು. ಈಗ ಒಂದು ಚಿಕ್ಕ ಇನ್‌ಕ್ಯುಬೇಟರ್ ತಂದು ಮೊಟ್ಟೆ ಇಟ್ಟು ಮರಿ ಮಾಡಿಸೋಣ ಅಂತ ಮಕ್ಕಳು ಹಠ ಮಾಡ್ತಿದ್ದಾರೆ. ಮರಿಗಳನ್ನ ಮೊದಲ ದಿನದಿಂದ್ಲೇ ನಾಯಿ ಬೆಕ್ಕಿನ ಜೊತೆ ಬಿಟ್ಟು ಬೆಳೆಸಿದ್ರೆ ಹೊಂದ್ಕೊಂಡು ಹೋಗ್ತಾವಾ?

ಮರಿ ಮಾಡಿಸಿ, ಖಂಡಿತ ಆಗುತ್ತೆ. ನಾಯಿ ಬೆಕ್ಕು ಇರೋ ಎಷ್ಟೋ ಮನೆಗಳಲ್ಲಿ ಕೋಳಿಗಳು ಚೆನ್ನಾಗೇ ಬೆಳೀತಾವೆ. ಆದ್ರೆ "ಜೊತೆ ಬಿಟ್ಟು ಬೆಳೆಸಿದ್ರೆ" ಅಂತ ಕೇಳಿದ್ರಲ್ಲ, ಅದೊಂದು ಬೇಡ. ಮರಿಗಳನ್ನ ಕಾಪಾಡಬೇಕಾದ್ದು ಬಾಗಿಲು, ಮುಚ್ಚಳ, ಜಾಲರಿ. ನಾಯಿಯ ಒಳ್ಳೇತನದ ಮೇಲೆ ಆ ಭಾರ ಹಾಕಬಾರದು, ಅದು ನಾಯಿಗೂ ಅನ್ಯಾಯ.

ಯಾಕೆ ಅಂದ್ರೆ, ನೀವು ನೋಡಿರೋ ಸಾಧುತನ ಮನುಷ್ಯರ ಜೊತೆಗಿನದು. ಬೇಟೆ ಬುದ್ಧಿಗೂ ಸಿಟ್ಟಿಗೂ ಸಂಬಂಧಾನೇ ಇಲ್ಲ. ನಾಯಿಯಲ್ಲಿ ಅದು ಒಂದರ ಹಿಂದೆ ಒಂದು ಬರೋ ಸರಪಳಿ: ಗಮನಿಸೋದು, ದಿಟ್ಟಿಸೋದು, ಹೊಂಚು ಹಾಕೋದು, ಅಟ್ಟಿಸ್ಕೊಂಡು ಹೋಗೋದು, ಕಚ್ಚಿ ಹಿಡಿಯೋದು, ಕೊಲ್ಲೋದು. ತಳಿ ಮಾಡಿದವರು ಈ ಸರಪಳೀನ ಒಂದೊಂದು ಕಡೆ ಕತ್ತರಿಸಿದ್ದಾರೆ. ಬಾರ್ಡರ್ ಕೋಲಿಗೆ ದಿಟ್ಟಿಸೋದು, ಹೊಂಚೋದು, ಅಟ್ಟೋದು ಜಾಸ್ತಿ, ರಿಟ್ರೀವರ್‌ಗೆ ಬಾಯಲ್ಲಿ ಹಿಡ್ಕೊಂಡು ತರೋ ಆಸೆ, ಟೆರಿಯರ್‌ನ ಸಾಕಿದ್ದೇ ಇಲಿ ಹೆಗ್ಗಣ ಹಿಡಿದು ಕೊಡವಿ ಕೊಲ್ಲೋಕೆ. ನಿಮ್ಮದು ಯಾವ ತಳಿಯೂ ಅಲ್ಲದ ನಾಯಿ ಆದ್ರೆ ಯಾವ ಕೊಂಡಿ ಗಟ್ಟಿ ಇದೆ ಅಂತ ನೋಡೇ ತಿಳೀಬೇಕು. ಇನ್ನೊಂದು ವಿಷಯ, ಈಗ ತಾನೇ ಹುಟ್ಟಿದ ಮರಿ ಸುಮಾರು 40 ಗ್ರಾಂ ಇರುತ್ತೆ. 20 ಕೆಜಿ ನಾಯಿ ಆಟಕ್ಕೆ ಅಂತ ಒಂದು ಸಲ ಕಾಲಲ್ಲಿ ತಟ್ಟಿದ್ರೂ ಕಥೆ ಮುಗೀತು, ಅಲ್ಲಿ ಬೇಟೆ ಬುದ್ಧೀನೇ ಬೇಕಾಗಿಲ್ಲ.

ಚಿಕ್ಕದರಿಂದ ಜೊತೇಲಿದ್ರೆ ಹೊಂದ್ಕೊಳ್ತಾವೆ ಅನ್ನೋದು ಅರ್ಧ ನಿಜ. ಕೋಳಿಮರಿ ಹುಟ್ಟಿದ ಮೊದಲ ಒಂದೆರಡು ದಿನದಲ್ಲಿ ಕಣ್ಣೆದುರು ಓಡಾಡೋದನ್ನ ಅಮ್ಮ ಅಂತ ಅಂದ್ಕೊಂಡು ಹಿಂದೆ ಹೋಗುತ್ತೆ, ಅದು ಹಕ್ಕಿಯ ಹುಟ್ಟುಗುಣ. ಹಾಗಾಗಿ ಮರಿಗೆ ನಾಯಿ ಭಯ ಬೇಗ ಹೋಗಿಬಿಡುತ್ತೆ. ಆದ್ರೆ ಮರಿಗೆ ಭಯ ಹೋಯ್ತು ಅಂತ ನಾಯಿಗೆ ಆಸೆ ಹೋಗಲ್ಲ, ಮತ್ತೆ ಭಯ ಕಳ್ಕೊಂಡ ಮರಿ ದೊಡ್ಡದಾದ್ಮೇಲೆ ಬೇರೆಯವರ ನಾಯಿ ಬಂದ್ರೂ ನಿಂತ್ಕೊಂಡು ನೋಡ್ತಿರುತ್ತೆ. ಮರಿಗೆ ಒಂಚೂರು ಭಯ ಇರ್ಲಿ, ಅದು ಅದರ ಆಸ್ತಿ.

ನಿಮ್ಮ ಕೈಲಿರೋ ದೊಡ್ಡ ಅನುಕೂಲ ಅಂದ್ರೆ 21 ದಿನ. ಮೊಟ್ಟೆಗೆ ಕಾವು ಬೇಕಾಗೋದು ಅಷ್ಟು ದಿನ. ಎಲ್ರೂ ಅದನ್ನ ಮೊಟ್ಟೆ ನೋಡ್ಕೊಂಡೇ ಕಳೀತಾರೆ, ನನ್ನ ಕೇಳಿದ್ರೆ ಅದು ನಾಯಿನ ತಯಾರು ಮಾಡೋ ಸಮಯ.

ಇನ್‌ಕ್ಯುಬೇಟರ್‌ನ ಚಿಲಕ ಹಾಕೋಕೆ ಬರೋ ರೂಮಲ್ಲಿಡಿ. ಬೆಕ್ಕಿಗೆ ಬೆಚ್ಚಗಿರೋ ಪೆಟ್ಟಿಗೆ ಅಂದ್ರೆ ಪ್ರಾಣ, ಹೋಗಿ ಅದರ ಮೇಲೇ ಮಲಗುತ್ತೆ, ಗಾಳಿ ತೂತು ಮುಚ್ಚಿಹೋಗುತ್ತೆ, ವೈರ್ ಎಳೆದಾಡಿದ್ರೆ ಪ್ಲಗ್ ಸಡಿಲ ಆಗುತ್ತೆ, ರಾತ್ರಿ ಹೀಗಾದ್ರೆ ಬೆಳಗ್ಗೆವರೆಗೂ ಗೊತ್ತೇ ಆಗಲ್ಲ. ಫ್ಯಾನ್ ಇರೋ ಮಶಿನ್‌ಗೆ 37.5 ಡಿಗ್ರಿ ಸೆಲ್ಸಿಯಸ್ ಬೇಕು. ಒಂದೆರಡು ಡಿಗ್ರಿ ಕಮ್ಮಿ ಆದ್ರೆ ಮರಿ ತಡವಾಗಿ ಬರಬಹುದು, ಆದ್ರೆ ಜಾಸ್ತಿ ಆದ್ರೆ ಬೇಗ ಸಾಯ್ತಾವೆ, ಅದಕ್ಕೇ ಕಿಟಕಿ ಬಿಸಿಲು ಬೀಳೋ ಜಾಗ ಬೇಡ. ತೇವಾಂಶ ಮೊದಲ 18 ದಿನ 45ರಿಂದ 50 ಪರ್ಸೆಂಟ್, ಆಮೇಲಿನ ಮೂರು ದಿನ 65ರಿಂದ 70. ದಿನಕ್ಕೆ ಕಮ್ಮಿ ಅಂದ್ರೂ ಮೂರು ಸಲ ಮೊಟ್ಟೆ ತಿರುಗಿಸ್ಬೇಕು, ಇಲ್ಲಾಂದ್ರೆ ಒಳಗಿನ ಭ್ರೂಣ ಚಿಪ್ಪಿನ ಪೊರೆಗೆ ಅಂಟ್ಕೊಳ್ಳುತ್ತೆ. 18ನೇ ದಿನಕ್ಕೆ ತಿರುಗಿಸೋದು ಬಂದ್. ಒಂದು ವಾರ ಆದ್ಮೇಲೆ ಕತ್ತಲೆಯಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿದ್ರೆ ಕೆಂಪು ರಕ್ತನಾಳಗಳು ಬಲೆ ತರ ಹರಡಿರೋದು ಕಾಣುತ್ತೆ, ಮಕ್ಕಳಿಗೆ ತೋರಿಸ್ಲೇಬೇಕಾದ ದೃಶ್ಯ. ಏನೂ ಕಾಣದ ಮೊಟ್ಟೇನ ಇನ್ನೂ ಸ್ವಲ್ಪ ದಿನ ನೋಡಿ ತೆಗೆದುಬಿಡಿ, ಕೊಳೆತ ಮೊಟ್ಟೆ ಒಳಗೇ ಒಡೆದ್ರೆ ಉಳಿದವೂ ಕೆಡ್ತಾವೆ.

ಈಗ ನಾಯಿ ವಿಷಯ. ಮರಿ ಬರೋಕೆ ಮುಂಚೆ ಅದಕ್ಕೆ ಗಟ್ಟಿಯಾಗಿ ಬರಬೇಕಾದ್ದು ಎರಡೇ: "ಬಿಡು" ಅಂದ್ರೆ ಮುಖ ತಿರುಗಿಸೋದು, "ಮಲ್ಕೋ" ಅಂದ್ರೆ ಜಾಗದಲ್ಲಿ ಮಲ್ಕೊಳ್ಳೋದು. ಬಿಸ್ಕತ್ತಿಂದ ಶುರು ಮಾಡಿ, ಆಮೇಲೆ ಉರುಳೋ ಬಾಲ್, ಆಮೇಲೆ ಹಗ್ಗ ಕಟ್ಟಿ ಎಳೆಯೋ ಗೊಂಬೆ, ಓಡೋ ವಸ್ತುನ ಬಿಡೋದೇ ಅದಕ್ಕೆ ಕಷ್ಟದ ಪಾಠ. ಮೊಬೈಲಲ್ಲಿ ಕೋಳಿಮರಿ ಸದ್ದು ಸಣ್ಣಗೆ ಹಾಕಿ, ಕೇಳಿಸ್ಕೊಂಡೂ ಸುಮ್ನಿದ್ರೆ ತಿಂಡಿ ಕೊಡಿ, ದಿನಾ ಸ್ವಲ್ಪ ಸ್ವಲ್ಪ ಸೌಂಡ್ ಜಾಸ್ತಿ ಮಾಡ್ಕೊಂಡು ಹೋಗಿ, ಆಗ ಮರಿ ಬಂದ ದಿನ ಆ ಚಿಂವ್ ಚಿಂವ್ ಅದಕ್ಕೆ ಹೊಸದಾಗಿರಲ್ಲ. ಬೈದು ಹೊಡೆದು ಕಲಿಸೋಕೆ ಹೋಗ್ಬೇಡಿ. ಹಾಗೆ ಕಲಿತ ನಾಯಿ ನಿಮ್ಮೆದುರು ಮಾತ್ರ ಸುಮ್ನಿರುತ್ತೆ.

ಮರಿ ಬಂದ್ಮೇಲೆ ಮೊದಲ ಭೇಟಿ ಹೇಗಿರ್ಬೇಕು ಅಂದ್ರೆ, ಮರಿ ಮುಚ್ಚಳ ಇರೋ ಪೆಟ್ಟಿಗೇಲಿ, ನಾಯಿ ಬೆಲ್ಟ್ ಹಾಕ್ಕೊಂಡು ರೂಮಿನ ಇನ್ನೊಂದು ತುದೀಲಿ, ಹಗ್ಗ ನಿಮ್ಮ ಕೈಲಿ. ಆ ಹೊತ್ತಲ್ಲಿ ಮರಿಗಳನ್ನ ನೋಡೋದು ಬಿಟ್ಟು ನಾಯಿ ಮುಖ ನೋಡಿ. ಬಾಯಿ ತೆರೆದು ನಾಲಿಗೆ ಹೊರಗಿದ್ದು, ಮೈ ಸಡಿಲವಾಗಿದ್ದು, ಒಂದ್ಸಲ ಮೂಸಿ ನೋಡಿ ನಿಮ್ಮ ಕಡೆ ತಿರುಗಿದ್ರೆ ಒಳ್ಳೇದು, ತಿರುಗಿದ ಆ ಕ್ಷಣಕ್ಕೇ ತಿಂಡಿ ಕೊಡಿ. ಅದೇ ಬಾಯಿ ಪಟ್ ಅಂತ ಮುಚ್ಚಿ, ಕಿವಿ ಮುಂದಕ್ಕೆ ನಿಂತು, ಒಂದು ಮುಂಗಾಲು ನೆಲದಿಂದ ಸ್ವಲ್ಪ ಮೇಲೆದ್ದು, ಉಸಿರು ನಿಂತ ಹಾಗಾಗಿ ಕಣ್ಣು ಮಿಟುಕಿಸದೆ ನೋಡ್ತಿದ್ರೆ, ಅಥವಾ ತೆಳ್ಳಗೆ ನಡುಗ್ತಾ ಕುಂಯ್ ಅಂತಿದ್ರೆ, ಸರಪಳಿಯ ಎರಡನೇ ಕೊಂಡಿ ಶುರುವಾಗಿದೆ ಅಂತರ್ಥ. ಎಷ್ಟೋ ಜನ ಇದನ್ನ ನೋಡಿ "ಎಷ್ಟು ಪ್ರೀತಿಯಿಂದ ನೋಡ್ತಿದೆ ನೋಡು" ಅಂತ ಫೋಟೋ ತೆಗೀತಾರೆ, ನನಗೆ ಎದೆ ಝಲ್ ಅನ್ನುತ್ತೆ. ಅಂಥ ಹೊತ್ತಲ್ಲಿ ಕಿರುಚ್ಬೇಡಿ, ಹಗ್ಗ ಹಿಡ್ಕೊಂಡು ಸುಮ್ನೆ ದೂರ ಕರ್ಕೊಂಡು ಹೋಗಿ, ನಾಳೆ ಇನ್ನೂ ದೂರದಿಂದ ಶುರು ಮಾಡಿ. ವಾರಗಟ್ಲೆ ಮಾಡಿದ್ರೂ ಆ ನೋಟ ಸಡಿಲ ಆಗದೇ ಇದ್ರೆ ಆ ನಾಯಿ ಕೋಳಿ ಇರೋ ಕಡೆ ಬರಲೇಬಾರದು ಅಂತ ತೀರ್ಮಾನ ಮಾಡಿ. ಅದರಲ್ಲಿ ಯಾರ ತಪ್ಪೂ ಇಲ್ಲ.

ಬೆಕ್ಕಿಗೆ ಈ ತರಬೇತಿ ನಡೆಯಲ್ಲ, ಪ್ರಯತ್ನಾನೂ ಬೇಡ. ಮರಿ ಸೈಜ್ ಅಂದ್ರೆ ಸರಿಯಾಗಿ ಬೆಕ್ಕಿನ ಬೇಟೆ ಸೈಜ್. ಬಾಗಿಲು ಹಾಕಿ, ಅಷ್ಟೇ.

ಮರಿ ಹೊರಬರೋ ದಿನ ಮನೆಯವರಿಗೇ ತಾಳ್ಮೆ ಕಮ್ಮಿ. ಮರಿ ಮೊದಲು ಚಿಪ್ಪಲ್ಲಿ ಚಿಕ್ಕ ಬಿರುಕು ಬಿಟ್ಟು ಆಮೇಲೆ ಗಂಟೆಗಟ್ಲೆ ಸುಮ್ನಾಗುತ್ತೆ, 12ರಿಂದ 24 ಗಂಟೆ ಹಿಡಿದ್ರೂ ಸಾಮಾನ್ಯ. ಆ ಹೊತ್ತಲ್ಲಿ ಅದು ಶ್ವಾಸಕೋಶದಿಂದ ಉಸಿರಾಡೋದನ್ನ ಕಲೀತಿರುತ್ತೆ, ಉಳಿದ ಹಳದಿ ಲೋಳೆನ ಹೊಟ್ಟೆಯೊಳಗೆ ಎಳ್ಕೊಳ್ತಿರುತ್ತೆ, ಪೊರೆಯಲ್ಲಿರೋ ರಕ್ತ ಒಳಗೆ ಹೋಗ್ಬೇಕು. ಪಾಪ ಅಂತ ಚಿಪ್ಪು ಕಿತ್ರೆ ರಕ್ತ ಸುರಿಯುತ್ತೆ. ಮುಚ್ಚಳ ತೆಗೆದು ಇಣುಕಿದ್ರೆ ತೇವ ಹೋಗಿ ಪೊರೆ ಒಣಗಿ ಮರಿಗೆ ಸುತ್ಕೊಳ್ಳುತ್ತೆ. ಹೊರಬಂದ ಮರಿ ಮೈ ಒಣಗೋವರೆಗೂ ಒಳಗೇ ಇರ್ಲಿ, ಹೊಟ್ಟೇಲಿರೋ ಲೋಳೆ 48 ಗಂಟೆ ಅದನ್ನ ಸಾಕುತ್ತೆ, ಹಸಿವು ಅಂತ ಗಾಬರಿ ಬೇಡ. ಅವತ್ತು ನಾಯಿ ಬೆಕ್ಕು ಎರಡೂ ಬೇರೆ ರೂಮಲ್ಲಿರ್ಲಿ. ಬಾಗಿಲು ತೆಗೆದು ಹಾಕೋ ಜನ ಜಾಸ್ತಿ ಇರ್ತಾರೆ, ಅವಘಡ ಆಗೋದು ಅಂಥ ಗಡಿಬಿಡೀಲೇ.

ಆಮೇಲೆ ಬ್ರೂಡರ್, ಅಂದ್ರೆ ಮರಿಗಳಿಗೆ ಬೆಚ್ಚಗಿಡೋ ಪೆಟ್ಟಿಗೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಹಾಗೆ ಇಳಿಸ್ತಾ ಬನ್ನಿ, ಪೂರ್ತಿ ಪುಕ್ಕ ಬರೋಕೆ ಸುಮಾರು ಆರು ವಾರ. ಥರ್ಮಾಮೀಟರ್‌ಗಿಂತ ಮರಿಗಳೇ ಚೆನ್ನಾಗಿ ಹೇಳ್ತಾವೆ: ಚಳಿ ಆದ್ರೆ ಲೈಟ್ ಕೆಳಗೆ ಒತ್ಕೊಂಡು ಜೋರಾಗಿ ಕೂಗ್ತಾವೆ, ಸೆಕೆ ಆದ್ರೆ ಮೂಲೆಗೆ ಹೋಗಿ ಬಾಯಿ ಬಿಡ್ತಾವೆ, ಹರಡ್ಕೊಂಡು ಮಲಗಿದ್ರೆ ಸರಿ ಇದೆ ಅಂತ. ಸಾಕುಪ್ರಾಣಿ ಇರೋ ಮನೇಲಿ ಇಲ್ಲಿ ದೊಡ್ಡ ಅಪಾಯ ಹಲ್ಲಲ್ಲ, ಬೆಂಕಿ. 250 ವ್ಯಾಟ್ ಹೀಟ್ ಲ್ಯಾಂಪ್ ಮೇಲೆ ಬೆಕ್ಕು ಹಾರಿ ಅದು ಕೆಳಗಿನ ಒಣ ಹೊಟ್ಟಿನ ಮೇಲೆ ಬಿದ್ರೆ ಮನೆಗೇ ಬೆಂಕಿ. ಆಗೋದಾದ್ರೆ ಮರಿಗಳು ಕೆಳಗೆ ನುಸುಳಿ ಕೂರೋ ಹೀಟಿಂಗ್ ಪ್ಲೇಟ್ ತಗೊಳ್ಳಿ, ಲ್ಯಾಂಪೇ ಅಂದ್ರೆ ಚೈನ್‌ನಲ್ಲಿ ಎರಡು ಕಡೆ ಬಿಗಿದು ಕಟ್ಟಿ, ಕ್ಲಿಪ್ ನಂಬ್ಬೇಡಿ. ಟೆಫ್ಲಾನ್ ಲೇಪ ಇರೋ ಬಲ್ಬ್ ಬೇಡ್ವೇ ಬೇಡ, ಬಿಸಿಯಾದಾಗ ಬರೋ ಹೊಗೆ ಹಕ್ಕಿಗಳಿಗೆ ವಿಷ. ಮುಚ್ಚಳಕ್ಕೆ ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಜಾಲರಿ ಹಾಕಿ ಕೊಕ್ಕೆ ಬಿಗೀರಿ. ಸಾಮಾನ್ಯ ಕೋಳಿ ಮೆಶ್ ಕಣ್ಣು ದೊಡ್ಡದು, ಬೆಕ್ಕು ಅದರಲ್ಲಿ ಮುಂಗಾಲು ತೂರಿಸಿ, ಉಗುರು ಚಾಚಿ, ಹತ್ತಿರ ಮಲಗಿರೋ ಮರೀನ ಮೆಲ್ಲಗೆ ಜಾಲರಿ ಹತ್ರಕ್ಕೆ ಎಳ್ಕೊಳ್ಳುತ್ತೆ. ಕೆಳಗೆ ಬರೀ ನ್ಯೂಸ್‌ಪೇಪರ್ ಹಾಕಿದ್ರೆ ಮರಿ ಕಾಲು ಜಾರಿ ಅಗಲ ಆಗಿಬಿಡುತ್ತೆ, ಮೊದಮೊದಲು ಒರಟು ಬಟ್ಟೆ ಹಾಕಿ. ನೀರಿನ ತಟ್ಟೇಲಿ ಕಲ್ಲು ಹಾಕಿಡಿ, ಮುಳುಗಲ್ಲ.

ಔಷಧಿ ಮತ್ತೆ ಮೇವಿನ ವಿಷಯ ಯಾರೂ ಹೇಳಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳ್ತೀನಿ. ಕೋಳಿಮರಿ ಮೇವಲ್ಲಿ ಕೆಲವಕ್ಕೆ ರಕ್ತಬೇಧಿ ತಡೆಯೋ ಔಷಧಿ ಬೆರೆಸಿರ್ತಾರೆ. ಅದರಲ್ಲಿ ಮೊನೆನ್ಸಿನ್ ಅನ್ನೋದು ನಾಯಿಗೆ ವಿಷ, ಕುದುರೆಗಂತೂ ಇನ್ನೂ ಕೆಟ್ಟದ್ದು. ಚೀಲದ ಲೇಬಲ್ ಓದಿ, ಚೀಲನ ಮುಚ್ಚಳ ಇರೋ ಡಬ್ಬಕ್ಕೆ ಸುರೀರಿ. ಕೋಳಿಗೆ ಹೇನು, ಉಣ್ಣೆ ಆದ್ರೆ ಹಾಕೋ ಪರ್ಮೆಥ್ರಿನ್ ಪೌಡರ್ ಬೆಕ್ಕಿಗೆ ಪ್ರಾಣಾಂತಿಕ, ಬೆಕ್ಕಿನ ಲಿವರ್‌ಗೆ ಅದನ್ನ ಅರಗಿಸೋ ಶಕ್ತಿ ಇಲ್ಲ, ಗೂಡಲ್ಲಿ ಹೊರಳಾಡಿ ಮೈ ನೆಕ್ಕಿದ್ರೆ ನಡುಕ, ಫಿಟ್ಸ್ ಬರುತ್ತೆ. ಉಲ್ಟಾನೂ ಅಷ್ಟೇ, ಉಣ್ಣೆ ಹೋಗ್ಲಿ ಅಂತ ನಾಯಿ ಕತ್ತಿಗೆ ಹಾಕೋ ಫಿಪ್ರೊನಿಲ್ ಡ್ರಾಪ್ಸ್ ಉಳಿದಿದೆ ಅಂತ ಕೋಳಿಗೆ ಹಾಕ್ಬೇಡಿ, ಅದು ಮೊಟ್ಟೆಗೆ ಬರುತ್ತೆ. 2017ರಲ್ಲಿ ಯುರೋಪಲ್ಲಿ ಇದೇ ಫಿಪ್ರೊನಿಲ್ ಸಿಕ್ಕಿದ್ದಕ್ಕೆ ಲಕ್ಷಗಟ್ಲೆ ಮೊಟ್ಟೆ ಅಂಗಡಿಗಳಿಂದ ವಾಪಸ್ ತೆಗೆಸಿದ್ರು. ಮೇವಿಗೆ ಇಲಿ ಬರುತ್ತೆ, ಇಲಿ ಪಾಷಾಣ ಇಡೋಣ ಅನ್ಸುತ್ತೆ, ಆದ್ರೆ ಆ ಇಲೀನ ನಾಯಿನೋ ಬೆಕ್ಕೋ ತಿಂದ್ರೆ ಅವಕ್ಕೂ ವಿಷ. ಬೋನು ಇಡಿ.

ಆರೋಗ್ಯವಾಗಿ ಕಾಣೋ ಮರಿ ಹಿಕ್ಕೇಲೂ ಭೇದಿ, ಜ್ವರ ತರಿಸೋ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ನಾಯಿಗೆ ಹಿಕ್ಕೆ ತಿನ್ನೋ ಚಟ ಇರುತ್ತೆ, ತಿಂದು ಬಂದು ಮಕ್ಕಳ ಮುಖ ನೆಕ್ಕುತ್ತೆ. 5 ವರ್ಷದೊಳಗಿನ ಮಕ್ಕಳು ಮರಿ ಮುಟ್ಟೋದೇ ಬೇಡ ಅಂತ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತೆ, ದೊಡ್ಡ ಮಕ್ಕಳು ಮುಟ್ಟಿದ್ರೆ ಸೋಪು ಹಾಕಿ ಕೈ ತೊಳೀಲಿ, ಮುತ್ತು ಕೊಡೋದು ಬೇಡ. ಮರಿ ಇರೋ ಜಾಗ ಅಡುಗೆಮನೆ ಆಗ್ಬಾರ್ದು. ಮತ್ತೆ ಹಕ್ಕಿಜ್ವರ ಅಂದ್ರೆ ಎಚ್5ಎನ್1 ಬೆಕ್ಕಿಗೂ ತಗುಲುತ್ತೆ, ಸಾಯ್ತಾವೂ ಕೂಡ, ಹಾಗಾಗಿ ಸುತ್ತಮುತ್ತ ಹಕ್ಕಿ ಸಾಯ್ತಿದ್ರೆ ಬೆಕ್ಕನ್ನ ಮನೆಯೊಳಗೇ ಇಟ್ಕೊಳ್ಳಿ.

ಎಷ್ಟು ಹುಷಾರಾಗಿದ್ರೂ ಬೆಕ್ಕು ಒಂದ್ಸಲ ಬಾಯಿ ಹಾಕಿತು ಅಂದ್ಕೊಳ್ಳಿ. ಮರಿ ಓಡಾಡ್ತಿದೆ, ಸೂಜಿ ಚುಚ್ಚಿದಷ್ಟೇ ಗಾಯ, ಅಷ್ಟೇ ಅಲ್ವಾ ಅಂತ ಬಿಡ್ಬೇಡಿ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ, ಹಕ್ಕಿ ರಕ್ತಕ್ಕೆ ಸೇರಿದ್ರೆ ಒಂದೆರಡು ದಿನದಲ್ಲೇ ಮುಗಿಸುತ್ತೆ. ಅವತ್ತೇ ಪಶುವೈದ್ಯರ ಹತ್ರ ಹೋಗಿ ಆ್ಯಂಟಿಬಯೋಟಿಕ್ ಕೊಡಿಸಿ.

ಇನ್‌ಕ್ಯುಬೇಟರ್ ಬದಲು ಕಾವಿಗೆ ಕೂತ ಹೇಂಟೆ ಸಿಕ್ರೆ ನಾನು ಅದನ್ನೇ ಆರಿಸ್ಕೊಳ್ತೀನಿ. ಮರಿಗಳ ಕಾವಲು ಅದೇ ನೋಡ್ಕೊಳ್ಳುತ್ತೆ, ಪುಕ್ಕ ಕೆದರಿ ರೆಕ್ಕೆ ಅಗಲಿಸ್ಕೊಂಡು ಮುಖಕ್ಕೇ ಎರಗಿದ್ರೆ ದೊಡ್ಡ ನಾಯಿನೂ ಹಿಂದೆ ಸರಿಯುತ್ತೆ, ನಾಯಿಗೆ ಭಯ ಭಕ್ತಿ ಕಲಿಸೋದ್ರಲ್ಲಿ ಹೇಂಟೆನ ಮೀರಿಸೋರಿಲ್ಲ. ಆದ್ರೆ ಕಾವು ಕೂತಿರೋ ಆ ಮೂರು ವಾರ ನಾಯಿ ಪದೇ ಪದೇ ಹೋಗಿ ಮೂಸಿ ಕಾಟ ಕೊಟ್ರೆ ಹೇಂಟೆ ಮೊಟ್ಟೆ ಬಿಟ್ಟು ಎದ್ದುಬಿಡಬಹುದು. ಗೂಡಿಗೂ ಬಾಗಿಲು ಬೇಕು.

ಹಾಗಾದ್ರೆ ಒಟ್ಟಿಗೆ ಬಿಡೋದು ಯಾವಾಗ? ಬೆಕ್ಕಿನ ವಿಷಯದಲ್ಲಿ ಕೋಳಿ ಬೆಕ್ಕಿನಷ್ಟೇ ದಪ್ಪ ಆದ್ಮೇಲೆ, ಅಂದ್ರೆ ಮೂರ್ನಾಲ್ಕು ತಿಂಗಳು ದಾಟಿದ್ಮೇಲೆ. ಸಾಮಾನ್ಯವಾಗಿ ಬೆಕ್ಕು ಆಮೇಲೆ ತಂಟೆಗೆ ಹೋಗಲ್ಲ, ಬ್ಯಾಂಟಮ್ ತರದ ಕುಳ್ಳ ತಳಿ ಆದ್ರೆ ಇನ್ನೂ ಕಾಯಿರಿ. ನಾಯಿಗೆ ವಯಸ್ಸಿನ ಲೆಕ್ಕ ಇಲ್ಲ. ಕೋಳಿ ಮೆಲ್ಲಗೆ ಕೆದಕ್ತಿದ್ದಾಗ ಸುಮ್ನಿರೋ ನಾಯಿ, ಅದೇ ಕೋಳಿ ಪಟಪಟ ಅಂತ ರೆಕ್ಕೆ ಬಡಿದು ಓಡಿದಾಗ ಹೇಗಿರುತ್ತೆ ಅಂತ ಉದ್ದ ಹಗ್ಗದಲ್ಲಿ ಕಟ್ಟಿ ನೋಡಿ. ಆಗ್ಲೂ ಮಲಗಿದ್ದಲ್ಲೇ ಮಲಗಿದ್ರೆ ನೀವು ಎದುರಿಗಿದ್ದಾಗ ಮಾತ್ರ ಹಗ್ಗ ಬಿಚ್ಚಿ. ನೆಂಟರ ನಾಯಿ ಬಂದ ದಿನ ನಿಮ್ಮದನ್ನೂ ಕಟ್ಟಿಹಾಕಿ, ಎರಡು ನಾಯಿ ಸೇರಿದ್ರೆ ಒಂದು ಅಟ್ಟೋಕೆ ಶುರು ಮಾಡಿದ ಕೂಡ್ಲೇ ಇನ್ನೊಂದೂ ಹಿಂದೇನೇ ಓಡುತ್ತೆ, ಕಲಿತ ಪಾಠ ಯಾವುದೂ ಆಗ ನೆನಪಿರಲ್ಲ.