ಸೋದರಿಕೆಯ ಮದುವೆ ಮತ್ತು ಅಡಗಿ ಕುಳಿತ ವಂಶವಾಹಿ

1901ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಆಗತಾನೇ ಹುಟ್ಟಿದ ಕೂಸೊಂದರ ಬಟ್ಟೆಗಳ ಮೇಲೆ ಕಣ್ಣಿಟ್ಟು ಕಾದರು. ಆ ಮನೆಯಲ್ಲಿ ಮೊದಲೇ ಹುಟ್ಟಿದ್ದ ಮಗುವಿನ ಮೂತ್ರ ಗಾಳಿ ತಾಗಿದರೆ ಕಪ್ಪಾಗುತ್ತಿತ್ತು. ಮೂರನೆಯ ದಿನ ಈ ಕೂಸಿನ ಬಟ್ಟೆಯಲ್ಲೂ ಕಪ್ಪು ಕಲೆ ಮೂಡಿತು. ಆಲ್ಕಾಪ್ಟೋನೂರಿಯಾ ಎಂಬ ಈ ತೊಂದರೆ ಲಕ್ಷಾಂತರ ಮಂದಿಯಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪ. ಇಂಥ ಮಕ್ಕಳ ಕುಟುಂಬಗಳನ್ನು ವಿಚಾರಿಸುತ್ತ ಹೋದ ಗ್ಯಾರಡ್ ಅವರಿಗೆ ಒಂದು ಸಂಗತಿ ಎದ್ದು ಕಂಡಿತು: ಹಲವು ಕಡೆ ಗಂಡ ಹೆಂಡತಿ ಒಡಹುಟ್ಟಿದವರ ಮಕ್ಕಳಾಗಿದ್ದರು. ಅವರಿಬ್ಬರಿಗೂ ಕಾಯಿಲೆ ಇರಲಿಲ್ಲ, ಮಕ್ಕಳಿಗೆ ಬಂದಿತ್ತು.

ಇದಕ್ಕೆ ವಿವರಣೆ ಸಿಕ್ಕಿದ್ದು ಬಟಾಣಿ ಗಿಡಗಳಲ್ಲಿ. ಬ್ರನೋ ಊರಿನ ಮಠದಲ್ಲಿ ಗ್ರೆಗರ್ ಮೆಂಡೆಲ್ ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಬಂದ ಕಾಳುಗಳೆಲ್ಲ ದುಂಡಗಿದ್ದವು. ಆ ಕಾಳುಗಳಿಂದ ಬೆಳೆದ 253 ಗಿಡಗಳು ಮರುವರ್ಷ ಒಟ್ಟು 7,324 ಕಾಳು ಕೊಟ್ಟವು. ಅವುಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಒಂದೇ ಕಾಯಿಯನ್ನು ಸುಲಿದರೆ ದುಂಡು ಕಾಳಿನ ಪಕ್ಕದಲ್ಲೇ ಸುಕ್ಕುಗಟ್ಟಿದ ಕಾಳು ಸಿಗುತ್ತಿತ್ತು. ಒಂದು ತಲೆಮಾರು ಕಾಣದೆ ಹೋದ ಗುಣ ಅಳಿದಿರಲಿಲ್ಲ, ಅಡಗಿತ್ತು.

ಅಡಗುವುದು ಹೇಗೆ? ಹೆಚ್ಚುಕಡಿಮೆ ಪ್ರತಿಯೊಂದು ವಂಶವಾಹಿಯೂ ನಮ್ಮಲ್ಲಿ ಜೋಡಿಯಾಗಿರುತ್ತದೆ, ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು. ಬಟಾಣಿಯಲ್ಲಿ ಪಿಷ್ಟವನ್ನು ಕಟ್ಟುವ ಕಿಣ್ವವೊಂದರ ವಂಶವಾಹಿ ಕೆಟ್ಟರೆ ಕಾಳಿನಲ್ಲಿ ಸಕ್ಕರೆ ಉಳಿದು, ಸಕ್ಕರೆಯೊಂದಿಗೆ ನೀರೂ ಹೆಚ್ಚು ಸೇರುತ್ತದೆ. ಒಣಗಿದಾಗ ಆ ನೀರು ಹೋಗಿ ಸಿಪ್ಪೆ ಸುಕ್ಕಾಗುತ್ತದೆ. ಆದರೆ ಎರಡು ಪ್ರತಿಗಳಲ್ಲಿ ಒಂದು ಸರಿಯಿದ್ದರೂ ಸಾಕಷ್ಟು ಕಿಣ್ವ ತಯಾರಾಗಿ ಕಾಳು ದುಂಡಗಾಗುತ್ತದೆ. ಪ್ರಬಲ, ದುರ್ಬಲ ಎಂದು ಶಾಲೆಯಲ್ಲಿ ಕಲಿತದ್ದರ ಹಿಂದೆ ಇಲ್ಲಿರುವುದು ಇಷ್ಟೇ. ಗ್ಯಾರಡ್ ಕಂಡ ತಂದೆತಾಯಂದಿರಲ್ಲಿಯೂ ಒಂದು ಪ್ರತಿ ಕೆಟ್ಟಿತ್ತು, ಇನ್ನೊಂದು ಕೆಲಸ ಮಾಡುತ್ತಿತ್ತು. ಅಂಥವರನ್ನು ವಾಹಕರು ಎನ್ನುತ್ತಾರೆ. ನನ್ನಲ್ಲೂ ನಿಮ್ಮಲ್ಲೂ ಇಂಥ ಒಂದೆರಡು ಕೆಟ್ಟ ಪ್ರತಿಗಳು ಇದ್ದೇ ಇರುತ್ತವೆ ಎಂದುಕೊಂಡರೆ ತಪ್ಪಾಗದು.

ಕರ್ನಾಟಕದಲ್ಲಿ ಈಗಲೂ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದಲ್ಲಿಯೇ ಆಗುತ್ತವೆ. ಅಕ್ಕನ ಮಗಳನ್ನು ತರುವ ಮನೆಯನ್ನೇ ನೋಡೋಣ. ವರನಲ್ಲಿ ಒಂದು ಕೆಟ್ಟ ಪ್ರತಿ ಇದೆ ಎಂದುಕೊಳ್ಳಿ. ಅದು ಅವನ ತಂದೆಯಿಂದಲೋ ತಾಯಿಯಿಂದಲೋ ಬಂದದ್ದು, ಹಾಗಾಗಿ ಅಕ್ಕನಿಗೂ ಅದೇ ದಾಟಿರುವ ಸಾಧ್ಯತೆ ಎರಡರಲ್ಲಿ ಒಂದು. ಅಕ್ಕನಿಂದ ಮಗಳಿಗೆ ಮತ್ತೆ ಎರಡರಲ್ಲಿ ಒಂದು. ಅಂದರೆ ವಧುವಿನಲ್ಲಿಯೂ ಅದೇ ಪ್ರತಿ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರತ್ತೆಯ ಅಥವಾ ಸೋದರಮಾವನ ಮಗಳಾದರೆ ಎಂಟರಲ್ಲಿ ಒಂದು. ಅದೇ ವರ ಹೊರಗಿನಿಂದ ಹೆಣ್ಣು ತಂದರೆ, ಆ ಕಾಯಿಲೆಯ ವಾಹಕರು ಜನರಲ್ಲಿ ನೂರಕ್ಕೊಬ್ಬರಿದ್ದರೆ, ಸಾಧ್ಯತೆ ನೂರರಲ್ಲಿ ಒಂದು. ಕಾಯಿಲೆ ಅಪರೂಪವಾದಷ್ಟೂ ಈ ಅಂತರ ದೊಡ್ಡದಾಗುತ್ತದೆ.

ಹೀಗೆಂದು ಸೋದರಿಕೆಯ ಮದುವೆಗಳಲ್ಲಿ ಹುಟ್ಟುವ ಮಕ್ಕಳೆಲ್ಲ ರೋಗಿಗಳಲ್ಲ, ಬಹುಪಾಲು ಮಕ್ಕಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ. "ನಮ್ಮಲ್ಲಿ ನಾಲ್ಕು ತಲೆಮಾರಿನಿಂದ ಹೀಗೇ ನಡೆದಿದೆ, ಏನೂ ಆಗಿಲ್ಲ" ಎನ್ನುವ ಅಜ್ಜಿ ಸುಳ್ಳು ಹೇಳುತ್ತಿಲ್ಲ. ಆ ಮಾತಿನಿಂದ ಐದನೆಯ ತಲೆಮಾರಿಗೆ ಖಾತರಿಯೂ ಸಿಗುವುದಿಲ್ಲ.

ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ಕೆಟ್ಟ ಪ್ರತಿಗಳೆರಡೂ ಸೇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು "ಒಂದು ಮಗುವಿಗೆ ಬಂದಾಯಿತು, ಇನ್ನು ಮೂರು ನಿಶ್ಚಿಂತೆ" ಎಂದು ಅರ್ಥ ಮಾಡಿಕೊಳ್ಳುವ ಕುಟುಂಬಗಳಿವೆ. ಲೆಕ್ಕ ಹಾಗಲ್ಲ. ಪ್ರತಿ ಬಸಿರಿನಲ್ಲೂ ಅದು ಮೊದಲಿನಿಂದ ಶುರುವಾಗುತ್ತದೆ, ಹಿಂದಿನ ಮಗುವಿಗೆ ಏನಾಯಿತು ಎಂಬುದು ಮುಂದಿನದಕ್ಕೆ ಗೊತ್ತಿರುವುದಿಲ್ಲ.

ನನಗೆ ಹೆಚ್ಚು ನೋವು ಕೊಡುವುದು ಇಂಥ ಮನೆಗಳಲ್ಲಿ ಸೊಸೆಯೊಬ್ಬಳೇ ಹೊರುವ ಅಪವಾದ. ಈ ಬಗೆಯ ಕಾಯಿಲೆ ಬರಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು ಕೆಟ್ಟ ಪ್ರತಿ ಬರಲೇಬೇಕು. ಇಬ್ಬರ ಪಾಲೂ ಸಮ. ಅಕ್ಕನ ಮಗಳನ್ನೇ ತಂದ ಮನೆಯಲ್ಲಂತೂ ಆ ಎರಡು ಪ್ರತಿಗಳು ಸಾಮಾನ್ಯವಾಗಿ ಒಬ್ಬರೇ ಹಿರಿಯರಿಂದ ಇಳಿದು ಬಂದಿರುತ್ತವೆ. ಹೆಣ್ಣು ಹೆತ್ತಳೆಂಬ ದೂರಿಗಂತೂ ಬುಡವೇ ಇಲ್ಲ: ಗಂಡಾಗಲು ಬೇಕಾದ ವೈ ವರ್ಣತಂತು ಬರುವುದು ತಂದೆಯಿಂದ ಮಾತ್ರ.

ಕೆಲವು ಕಾಯಿಲೆಗಳ ವಾಹಕರನ್ನು ಗುರುತಿಸುವುದು ಇಂದು ಕಷ್ಟವಲ್ಲ. ಮಕ್ಕಳಿಗೆ ಬದುಕಿಡೀ ರಕ್ತ ಕೊಡಿಸುತ್ತಲೇ ಇರಬೇಕಾದ ಬೀಟಾ ಥಲಸ್ಸೀಮಿಯಾವನ್ನೇ ತೆಗೆದುಕೊಳ್ಳಿ. ಅದರ ವಾಹಕರು ಆರೋಗ್ಯವಂತರಾಗಿರುತ್ತಾರೆ, ತುಸು ರಕ್ತಹೀನತೆ ಇದ್ದರೆ ಇದ್ದೀತು. ರಕ್ತಪರೀಕ್ಷೆಯಲ್ಲಿ ಕೆಂಪುಕಣಗಳು ಸಣ್ಣಗೆ ಕಂಡರೆ ಗುಮಾನಿ ಹುಟ್ಟುತ್ತದೆ, ಹಿಮೋಗ್ಲೋಬಿನ್ನಿನ ಒಂದು ಬಗೆಯಾದ ಎ2ರ ಪ್ರಮಾಣ ನೋಡಿ ಖಚಿತಪಡಿಸಿಕೊಳ್ಳಬಹುದು. ಇಬ್ಬರಲ್ಲಿ ಒಬ್ಬರು ವಾಹಕರಲ್ಲದಿದ್ದರೆ ಮಗುವಿಗೆ ಈ ಕಾಯಿಲೆಯ ಭಯವಿಲ್ಲ. ಇಬ್ಬರೂ ವಾಹಕರಾದರೆ ಬಸಿರಿನ ಹನ್ನೊಂದನೆಯ ವಾರದ ಹೊತ್ತಿಗೇ ಭ್ರೂಣವನ್ನು ಪರೀಕ್ಷಿಸಿ ತಿಳಿಯಬಹುದು. ಜಾತಕ ಹೊಂದಿಸುವ ಹೊತ್ತಿನಲ್ಲೇ ಈ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಬಹುದು, ಸಂಬಂಧ ಒಳಗಿನದಾಗಲಿ ಹೊರಗಿನದಾಗಲಿ.