ಹ್ಯಾಂಬರ್ಗ್ 1943: ಅಷ್ಟೇ ಬಾಂಬು, ಎರಡು ರಾತ್ರಿ, ಬೇರೆ ಬೇರೆ ಸಾವು

ಕಳೆದ ವಾರದ ಕಿರುಪರೀಕ್ಷೆಯಲ್ಲಿ ಬಂದ ಪ್ರಶ್ನೆ: 1943ರ ಜುಲೈನಲ್ಲಿ ಹ್ಯಾಂಬರ್ಗಿನ ನಾಗರಿಕರು ಸತ್ತದ್ದು ಹೇಗೆ? ಬಾಂಬು ಬಿತ್ತು, ಕಟ್ಟಡ ಕುಸಿಯಿತು, ಅಡಿಯಲ್ಲಿ ಸಿಕ್ಕಿ ಸತ್ತರು ಎಂದು ಅರ್ಧ ಪುಟ ಬರೆದೆ. ಹತ್ತಕ್ಕೆ ಎರಡು ಬಂತು. ಪಕ್ಕದಲ್ಲಿ ಮೇಷ್ಟ್ರ ಕೆಂಪು ಶಾಯಿ: "ಹಾಗಾದರೆ ಮೊದಲ ರಾತ್ರಿ ಯಾಕೆ ಇಷ್ಟು ಜನ ಸಾಯಲಿಲ್ಲ?" ಆ ಒಂದು ಸಾಲಿಗೆ ಉತ್ತರ ಹುಡುಕುತ್ತಾ ನಾಲ್ಕು ದಿನ ಹೋಯಿತು. ಸಿಕ್ಕಿದ್ದನ್ನು ಮರೆಯುವ ಮೊದಲೇ ಇಲ್ಲಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಈ ಊರಿನ ಮೇಲೆ ನಡೆದ ಬಾಂಬುದಾಳಿಗೆ ಬ್ರಿಟನ್ ಇಟ್ಟ ಹೆಸರು ಆಪರೇಷನ್ ಗೊಮೊರಾ. ಜುಲೈ 24ರಿಂದ ಆಗಸ್ಟ್ 3ರವರೆಗೆ ಬ್ರಿಟಿಷರು ರಾತ್ರಿ ನಾಲ್ಕು ಸಲ ಬಂದರು, ಅಮೆರಿಕನ್ನರು ಹಗಲಲ್ಲಿ ಎರಡು ಸಲ. ತಾರೀಖು 24/25, 27/28 ಎಂದು ಬರೆದಿದ್ದರೆ ಅದು ಒಂದೇ ರಾತ್ರಿ, ಮಧ್ಯರಾತ್ರಿ ದಾಟಿದ್ದು ಅಷ್ಟೇ. ಇದನ್ನು ಎರಡೆರಡು ದಿನದ ದಾಳಿ ಎಂದು ಓದಿಕೊಂಡು ನಾನು ಲೆಕ್ಕ ತಪ್ಪಿದ್ದೆ. ರಾಡಾರಿನ ಕಣ್ಣು ಕಟ್ಟಲು ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳನ್ನು ಸುರಿದದ್ದು ಮೊದಲು 24/25ರಂದು.

ಈಗ ಮೇಷ್ಟ್ರ ಪ್ರಶ್ನೆ. 24/25ರ ರಾತ್ರಿ ಬಂದದ್ದು ಏಳುನೂರಕ್ಕೂ ಹೆಚ್ಚು ವಿಮಾನ, ಸುರಿದದ್ದು ಸುಮಾರು 2,300 ಟನ್, ಸತ್ತವರು ಸುಮಾರು 1,500. 27/28ರ ರಾತ್ರಿಯೂ ಏಳುನೂರರ ಮೇಲೆ ವಿಮಾನ, ಹತ್ತಿರ ಹತ್ತಿರ ಅಷ್ಟೇ ಟನ್. ಆದರೆ ಇಡೀ ಕಾರ್ಯಾಚರಣೆಯಲ್ಲಿ ಸತ್ತ ಸುಮಾರು 34,000ದಿಂದ 40,000 ಜನರಲ್ಲಿ ಬಹುಪಾಲು ಈ ಒಂದು ರಾತ್ರಿಯವರು. ಬಾಂಬೇ ಕೊಂದಿದ್ದರೆ ಎರಡು ರಾತ್ರಿಯ ಲೆಕ್ಕ ಹೆಚ್ಚುಕಡಿಮೆ ಸರಿಹೋಗಬೇಕಿತ್ತು. ಹೋಗುವುದಿಲ್ಲ. ಅಂದಮೇಲೆ ಕೊಂದದ್ದು ಬೇರೇನೋ.

27ರಂದು ಊರು ಒಣಗಿ ಕೂತಿತ್ತು. ದಿನಗಟ್ಟಲೆ ಮಳೆಯಿಲ್ಲ, ಸಂಜೆಗೂ ಸುಮಾರು 30 ಡಿಗ್ರಿ ಸೆಕೆ, ಗಾಳಿಯಲ್ಲಿ ಪಸೆಯಿಲ್ಲ. ಅಗ್ನಿಶಾಮಕ ವಾಹನಗಳು ಹೆಚ್ಚಿನವು ಊರಿನ ಪಶ್ಚಿಮಕ್ಕಿದ್ದವು, ಮೊದಲ ರಾತ್ರಿ ಹತ್ತಿದ ಕಲ್ಲಿದ್ದಲ ರಾಶಿಗಳು ಇನ್ನೂ ಒಳಗೊಳಗೇ ಉರಿಯುತ್ತಿದ್ದವು. ಈ ಸಲ ಬಾಂಬು ಬಿದ್ದದ್ದು ಪೂರ್ವಕ್ಕೆ: ಹ್ಯಾಮರ್‌ಬ್ರೂಕ್, ಹಾಮ್, ಬೋರ್ಗ್‌ಫೆಲ್ಡೆ, ರೋಥೆನ್‌ಬುರ್ಗ್ಸೋರ್ಟ್. ಕಾರ್ಮಿಕರ ಬಡಾವಣೆಗಳು, ಒಂದಕ್ಕೊಂದು ಅಂಟಿಕೊಂಡ ಬಹುಮಹಡಿ ವಠಾರಗಳು. ದೊಡ್ಡ ಸ್ಫೋಟಕಗಳು ಮಾಡಿನ ಹೆಂಚನ್ನೂ ಕಿಟಕಿ ಗಾಜನ್ನೂ ಹಾರಿಸಿದವು. ತೆರೆದ ಅಟ್ಟಕ್ಕೆ ಬೆಂಕಿ ಹಚ್ಚುವ ಬಾಂಬುಗಳು ಬಿದ್ದವು. ಈ ಜೋಡಿಯ ತರ್ಕ ತಣ್ಣಗಿದೆ, ಕ್ರೂರವಾಗಿದೆ. ಮೊದಲನೆಯದರ ಕೆಲಸ ಮನೆಯನ್ನು ಒಲೆಯಾಗಿಸುವುದು, ಎರಡನೆಯದರ ಕೆಲಸ ಒಲೆ ಹಚ್ಚುವುದು.

ನಾನು ಮುಗ್ಗರಿಸಿದ್ದು ಇಲ್ಲಿಂದ ಮುಂದೆ. ಬದುಕುಳಿದವರ ಮಾತುಗಳಲ್ಲಿ ಮತ್ತೆ ಮತ್ತೆ ಒಂದು ವಿಷಯ ಬರುತ್ತದೆ: ಬೆಂಕಿಯಿಂದ ದೂರ ಓಡಲು ನೋಡಿದರೆ ಎದುರುಗಾಳಿ ಕಾಲು ಕೀಳಲು ಬಿಡಲಿಲ್ಲ, ಕೆಲವರನ್ನು ಬೆಂಕಿಯ ಕಡೆಗೇ ಎಳೆದೊಯ್ಯಿತು. ನನ್ನ ತಲೆಯಲ್ಲಿ ಕೂತಿದ್ದು ಇದರ ತಿರುವುಮುರುವು. ಬೆಂಕಿಯ ಪಕ್ಕ ನಿಂತರೆ ಝಳ ನಮ್ಮ ಕಡೆಗಲ್ಲವೇ ಬರುವುದು? ಗಾಳಿಯೂ ಅದೇ ಕಡೆಗೆ ಬೀಸಬೇಕಲ್ಲ?

ಬಗೆಹರಿದದ್ದು ಅಜ್ಜಿಮನೆಯ ಬಚ್ಚಲಲ್ಲಿ. ಅಲ್ಲಿ ಈಗಲೂ ಹಂಡೆ ಒಲೆಯೇ. ಅಡಿಕೆ ಸಿಪ್ಪೆಗೆ ಬೆಂಕಿ ತಾಗಿದ ಹೊಸತರಲ್ಲಿ ಹೊಗೆ ಒಲೆಬಾಯಿಂದ ಹೊರಗೇ ಬಂದು ಕಣ್ಣುರಿಸುತ್ತದೆ. ಹೊಗೆಕೊಳವೆ ಒಮ್ಮೆ ಕಾದಮೇಲೆ ನೋಡಿ, "ಭರ್" ಎಂಬ ಸದ್ದು ಶುರುವಾಗುತ್ತದೆ. ಆಗ ಒಲೆಬಾಯಿಯ ಮುಂದೆ ಒಂದು ತೆಳು ಕಾಗದದ ಚೂರು ಹಿಡಿದೆ. ಅದು ನನ್ನ ಕಡೆ ಹಾರಲಿಲ್ಲ, ಒಳಕ್ಕೆ ಬಾಗಿತು. ಕೈ ಬಿಟ್ಟೆ, ಸರಕ್ಕನೆ ಒಳಗೆ ಹೋಯಿತು. ಕೈಗೆ ಝಳ ಹೊಡೆಯುತ್ತಲೇ ಇತ್ತು, ಗಾಳಿ ಮಾತ್ರ ನನ್ನ ಬೆನ್ನ ಕಡೆಯಿಂದ ಒಲೆಗೆ ಹೋಗುತ್ತಿತ್ತು. ಝಳದ ದಾರಿ ಒಂದು, ಗಾಳಿಯ ದಾರಿ ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡದ್ದೇ ನನ್ನ ತಪ್ಪು.

ಇದನ್ನೇ ಊರಿನಷ್ಟು ದೊಡ್ಡದು ಮಾಡಿ. ಸಾವಿರಾರು ಅಟ್ಟಗಳ ಬೆಂಕಿ ಬೇರೆ ಬೇರೆಯಾಗಿ ಉರಿಯುತ್ತಿರುವಷ್ಟು ಹೊತ್ತು ಅವು ಸಾವಿರಾರು ಸಣ್ಣ ಒಲೆಗಳು. ಅವು ಕೂಡಿ ಒಂದಾದಾಗ ಮೇಲಿನ ಬಿಸಿಗಾಳಿಯೆಲ್ಲ ಒಂದೇ ಕಂಬವಾಗಿ ಏರುತ್ತದೆ. ಹೊಗೆಕೊಳವೆಗೆ ಇಟ್ಟಿಗೆ ಬೇಕಿಲ್ಲ, ಆ ಕಂಬವೇ ಕೊಳವೆ. ಮೇಲೆ ಹೋದ ಗಾಳಿಯ ಜಾಗ ತುಂಬಲು ಸುತ್ತಲಿನ ಗಾಳಿ ನಾಲ್ಕೂ ಕಡೆಯಿಂದ ನೆಲಮಟ್ಟದಲ್ಲಿ ಒಳಕ್ಕೆ ನುಗ್ಗುತ್ತದೆ. ಅದು ನುಗ್ಗಲು ಇರುವ ದಾರಿ ಬೀದಿಗಳು ಮಾತ್ರ. ಎರಡು ಗೋಡೆಗಳ ನಡುವೆ ಇಕ್ಕಟ್ಟಾದ ಗಾಳಿಯ ವೇಗ ಮರ ಕೀಳುವಷ್ಟಾಗುತ್ತದೆ. ಬಂದ ಗಾಳಿ ಹೊಸ ಆಮ್ಲಜನಕ ತರುತ್ತದೆ, ಬೆಂಕಿ ಬಲಿಯುತ್ತದೆ, ಕಂಬ ಇನ್ನೂ ಜೋರಾಗಿ ಎಳೆಯುತ್ತದೆ. ಫಾಯರ್‌ಸ್ಟುರ್ಮ್, ಬೆಂಕಿಬಿರುಗಾಳಿ ಎನ್ನುವುದು ಇದಕ್ಕೆ. ಪತ್ರಿಕೆಯವರ ಅಲಂಕಾರದ ಮಾತು ಎಂದುಕೊಂಡಿದ್ದೆ, ಅಲ್ಲ. ನಡುಬೇಸಿಗೆಯ ರಾತ್ರಿ ಬೀದಿಯ ಡಾಂಬರು ಕರಗಿ, ದಾಟಲು ಹೋದವರ ಕಾಲು ಅದರಲ್ಲಿ ಹೂತುಕೊಂಡಿತು.

1945ರ ಮಾರ್ಚ್ 9/10ರಂದು ಅಮೆರಿಕನ್ನರು ಬಾಂಬು ಹಾಕಿದ ಟೋಕಿಯೊದ ಬೆಂಕಿಯನ್ನೂ ಇದೇ ಹೆಸರಿನಿಂದ ಕರೆಯುವವರಿದ್ದಾರೆ. ಅಲ್ಲಿ ಮೊದಲೇ ಜೋರು ಗಾಳಿ ಬೀಸುತ್ತಿತ್ತು, ಅದು ಬೆಂಕಿಯನ್ನು ಮರದ ಮನೆಗಳ ಮೇಲೆ ಸಾಲಾಗಿ ನೂಕಿಕೊಂಡು ಹೋಯಿತು. ಒಂದೇ ರಾತ್ರಿ ಸುಮಾರು 41 ಚದರ ಕಿಲೋಮೀಟರ್ ಸುಟ್ಟಿತು. ಸತ್ತವರು ಒಂದು ಲಕ್ಷದ ಆಸುಪಾಸು ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ನನ್ನ ಕಂಠಪಾಠ: ಎಳೆದದ್ದು ಹ್ಯಾಂಬರ್ಗ್, ತಳ್ಳಿದ್ದು ಟೋಕಿಯೊ. ಪರೀಕ್ಷೆಗೆ ಇಷ್ಟು ಸಾಕು.

ಇನ್ನು ನೆಲಮಾಳಿಗೆ. ವಠಾರದ ಜನ ಸೈರನ್ ಕೇಳಿದೊಡನೆ ಇಳಿಯುತ್ತಿದ್ದದ್ದು ಅಲ್ಲಿಗೇ. ಬಾಂಬಿನ ಏಟಿಗೆ ಅದು ಒಳ್ಳೆಯ ಜಾಗ, ಮೊದಲ ರಾತ್ರಿ ಕಾಪಾಡಿದ್ದೂ ಅದೇ. ಆದ್ದರಿಂದಲೇ 27/28ರಂದೂ ಅಲ್ಲೇ ಕೂತರು. ಮನೆ ಕುಸಿದರೆ ಪಕ್ಕದ ನೆಲಮಾಳಿಗೆಗೆ ದಾಟಲೆಂದು ನಡುಗೋಡೆಯಲ್ಲಿ ತೆಳುವಾಗಿ ಇಟ್ಟಿಗೆ ಕಟ್ಟಿದ ಕಿಂಡಿಗಳಿದ್ದವು. ಅವನ್ನು ಒಡೆದಾಗ ಜನರ ಜೊತೆ ಹೊಗೆಗೂ ದಾರಿಯಾಯಿತು. ಮೇಲಿನ ಬೆಂಕಿ ಗಾಳಿಯನ್ನೆಲ್ಲ ಕುಡಿಯುತ್ತಿದ್ದಾಗ ಕೆಳಗೆ ಇಳಿದದ್ದು ಕಾರ್ಬನ್ ಮೊನಾಕ್ಸೈಡ್.

ಚಳಿಗಾಲದಲ್ಲಿ ನಮ್ಮ ಪೇಪರುಗಳಲ್ಲಿ ಬರುವ ಸುದ್ದಿ ನೆನಪಿಸಿಕೊಳ್ಳಿ: ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅದೇ ಅನಿಲ. ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆಭಾರ, ತೂಕಡಿಕೆ, ಕೈಕಾಲು ಸೋಲುವುದು. ಎದ್ದು ಹೊರಡಬೇಕು ಎಂದು ಅನ್ನಿಸುವ ಹೊತ್ತಿಗೆ ಏಳುವ ಶಕ್ತಿ ಇರುವುದಿಲ್ಲ. ತೆರೆದಾಗ ಹಲವು ನೆಲಮಾಳಿಗೆಗಳಲ್ಲಿ ಜನ ಬೆಂಚಿನ ಮೇಲೆ ನಿದ್ದೆ ಹೋದಂತೆ ಕೂತಿದ್ದರು. ಬೇರೆ ಕೆಲವು ಕಡೆ ಉಳಿದದ್ದು ಬೂದಿ ಮಾತ್ರ, ಅದರ ಪ್ರಮಾಣ ನೋಡಿ ವೈದ್ಯರು ತಲೆಲೆಕ್ಕ ಅಂದಾಜು ಮಾಡಬೇಕಾಯಿತು.

ಉಳಿದವರು ಯಾರು? ಒದ್ದೆ ಕಂಬಳಿ ಹೊದ್ದು ಬೇಗ ಹೊರಬಿದ್ದವರಲ್ಲಿ ಕೆಲವರು, ಹ್ಯಾಮರ್‌ಬ್ರೂಕಿನ ಕಾಲುವೆಗಳಲ್ಲಿ ಕತ್ತಿನವರೆಗೆ ನಿಂತವರಲ್ಲಿ ಕೆಲವರು, ದಪ್ಪ ಕಾಂಕ್ರೀಟಿನ ಬಂಕರುಗಳಲ್ಲಿದ್ದವರಲ್ಲಿ ಹೆಚ್ಚಿನವರು. ಆದರೆ ಬಂಕರಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಪೂರ್ವ ಯುರೋಪಿನಿಂದ ಬಲವಂತವಾಗಿ ಹಿಡಿದು ತಂದ ಕೂಲಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ನನ್ನ ಅರ್ಧ ಪುಟದಲ್ಲಿ "ನಾಗರಿಕರು" ಎಂದು ಒಂದೇ ಪದದಲ್ಲಿ ಮುಗಿಸಿದ್ದೆ, ಇನ್ನೊಂದು ಅಂಕ ಹೋದದ್ದು ಅಲ್ಲಿಯೇ ಇರಬೇಕು.

ಆಮೇಲಿನದು ಚುಟುಕಾಗಿ. ಸುಮಾರು 9 ಲಕ್ಷ ಜನ ಊರು ಬಿಟ್ಟರು, ದೂರದೂರದ ಊರುಗಳಿಗೆ ಸುದ್ದಿಯನ್ನೂ ಒಯ್ದರು. ಜನರ ಎದೆ ಒಡೆದರೆ ಯುದ್ಧ ನಿಲ್ಲುತ್ತದೆ ಎಂಬ ಲೆಕ್ಕಾಚಾರ ಫಲಿಸಲಿಲ್ಲ. ಐದೇ ತಿಂಗಳಲ್ಲಿ ಊರಿನ ಉತ್ಪಾದನೆ ಹಿಂದಿನ ಶೇ. 80ರಷ್ಟಕ್ಕೆ ಮರಳಿತ್ತು ಎಂದು ಯುದ್ಧ ಮುಗಿದಮೇಲೆ ಅಮೆರಿಕದ್ದೇ ಸಮೀಕ್ಷೆ ಬರೆದಿದೆ.

ಹ್ಯಾಮರ್‌ಬ್ರೂಕಿಗೆ ಸುತ್ತ ಗೋಡೆ ಕಟ್ಟಿ ಯಾರೂ ಹೋಗದಂತೆ ಮುಚ್ಚಿದರು. ನೆಲಮಾಳಿಗೆಗಳ ಕಾವು ಆರಲು ಎಷ್ಟೋ ದಿನ ಬೇಕಾಯಿತು. ಆಮೇಲೆ ಹೆಣಗಳನ್ನು ಹೊರತೆಗೆಯುವ ಕೆಲಸಕ್ಕೆ ಒಳಗೆ ಇಳಿಸಿದ್ದು ನೊಯೆನ್‌ಗಾಮೆ ಎಂಬ ನಾಜಿ ಯಾತನಾ ಶಿಬಿರದ ಕೈದಿಗಳನ್ನು.