ಜೈಲಿನ ಗೋಡೆಯೊಳಗೆ ಹೂತುಹೋಗುವ ಹಣ

ಮನೆ ಕಟ್ಟುವಾಗ ಒಂದು ಸ್ವಿಚ್ ಬೋರ್ಡ್ ಮರೆತುಹೋಯಿತು ಅಂದುಕೊಳ್ಳಿ. ಗೋಡೆ ಕೊರೆದು, ಪೈಪ್ ಕೂರಿಸಿ, ಮತ್ತೆ ಗಾರೆ ಮೆತ್ತಿದರೆ ಆಯಿತು. ಜೈಲಿನ ಕೋಣೆಯಲ್ಲಿ ಅದು ಅಷ್ಟು ಸುಲಭವಲ್ಲ. ಅಲ್ಲಿ ಗೋಡೆಯೆಂದರೆ ಹೆಚ್ಚಾಗಿ ಕಬ್ಬಿಣ ಕಟ್ಟಿ ಸುರಿದ ಕಾಂಕ್ರೀಟ್. ಬಾಗಿಲಿನ ಚೌಕಟ್ಟು, ಬೀಗದ ವೈರ್ ಹೋಗುವ ಪೈಪ್, ಮಂಚ ಬಿಗಿಯುವ ಪ್ಲೇಟ್ ಎಲ್ಲ ಕಾಂಕ್ರೀಟ್ ಹಾಕುವ ಮೊದಲೇ ಕೂತಿರಬೇಕು.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಇಂಥ ಒಂದು ಕಟ್ಟಡದ ತಪಾಸಣೆಗೆ ಹೋಗಿದ್ದೆ. ಅಲ್ಲಿ ಯಾವ ಬೀಗ ಅನ್ನುವುದು ತೀರ್ಮಾನವಾದದ್ದು ಗೋಡೆ ಎದ್ದ ಮೇಲೆ! ಬಂದ ಬೀಗದ ಪೆಟ್ಟಿಗೆ ಗೋಡೆಯಲ್ಲಿ ಬಿಟ್ಟ ಕಂಡಿಗಿಂತ ಅಗಲ. ಸರಿ, ಕೋಣೆ ಕೋಣೆಯಲ್ಲೂ ಕಾಂಕ್ರೀಟ್ ಕತ್ತರಿಸಿದರು. ಜೊತೆಗೆ ಒಳಗಿನ ಸರಳೂ ತುಂಡಾಯಿತು. ಅದನ್ನು ಸರಿಪಡಿಸಲು ಹೊಸ ಲೆಕ್ಕ, ಹೊಸ ನಕ್ಷೆ, ಹೊಸ ಬಿಲ್. ಎಲ್ಲ ಕೋಣೆಗಳೂ ಒಂದೇ ಅಚ್ಚಿನವು ಅಲ್ವಾ, ತಪ್ಪೂ ಅಷ್ಟೇ ಸಲ ಆಗಿತ್ತು. ಅದಕ್ಕೇ ನಾನು ಹೇಳುವುದು, ಮೊದಲು ಒಂದೇ ಒಂದು ಮಾದರಿ ಕೋಣೆಯನ್ನು ಪೂರ್ತಿ ಮುಗಿಸಿ ನೋಡಿ. ಬಾಗಿಲು ಹಾಕಿ, ನಲ್ಲಿ ಬಿಡಿ, ಕಾವಲಿನವರನ್ನು ಒಳಗೆ ಕರೆದು ತೋರಿಸಿ. ಎಲ್ಲಿ ಕಣ್ಣು ತಪ್ಪಿಸಬಹುದು ಅನ್ನುವುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಖರ್ಚು ಜಾಸ್ತಿಯಾದಾಗ ಎಲ್ಲರೂ ಗುತ್ತಿಗೆದಾರನನ್ನು ಬೈಯುತ್ತಾರೆ. ಕೆಲವು ಸಲ ಅದು ಸರಿಯೇ. ಸರಳು ಒತ್ತೊತ್ತಾಗಿರುವ ಕಡೆ ವೈಬ್ರೇಟರ್ (ಹಸಿ ಕಾಂಕ್ರೀಟನ್ನು ಅಲುಗಾಡಿಸಿ ಗಾಳಿ ಹೊರಹಾಕುವ ಯಂತ್ರ) ಆಡಿಸದಿದ್ದರೆ ಕಾಂಕ್ರೀಟ್ ಜೇನುಗೂಡಿನ ಹಾಗೆ ಪೊಳ್ಳಾಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಕಾಂಕ್ರೀಟನ್ನು ಬೇರೆ ಅಚ್ಚಿನಲ್ಲಿ ಹೊಯ್ದು, ಆ ತುಂಡನ್ನು ಒತ್ತಿ ನೋಡುವ ಕ್ಯೂಬ್ ಪರೀಕ್ಷೆ 28ನೇ ದಿನ ಪಾಸಾಗಿದ್ದರೂ ಅಷ್ಟೇ, ಅದು ಕ್ಯೂಬಿನ ಗುಣ ಹೇಳುತ್ತದೆ, ಗೋಡೆಯದ್ದಲ್ಲ.

ಆದರೆ ದೊಡ್ಡ ಮೊತ್ತ ಹುಟ್ಟುವುದು ಸೈಟಿನಲ್ಲಲ್ಲ, ಮೇಜಿನ ಮೇಲೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ 1882ರಲ್ಲಿ ತೆರೆದ ಬಾರ್ಲಿನಿ ಜೈಲಿನ ಬದಲು ಹೊಸದು ಕಟ್ಟಲು 2014ರಲ್ಲಿ ಹಾಕಿದ ಅಂದಾಜು 10 ಕೋಟಿ ಪೌಂಡ್. 2025ರ ಹೊತ್ತಿಗೆ ಅದು ಹೆಚ್ಚುಕಡಿಮೆ 100 ಕೋಟಿ. ಬೆಲೆ ಏರಿದ್ದು ನಿಜ. ಆದರೆ ಮೊದಲ ಅಂಕಿ ಬರೆದಾಗ ಜಾಗವೇ ಕೈಗೆ ಬಂದಿರಲಿಲ್ಲ. ಮಣ್ಣು ನೋಡದೆ ಅಡಿಪಾಯಕ್ಕೆ ಬೆಲೆ ಕಟ್ಟುವುದು ಹೇಗೆ? ಅಂಥ ಅಂಕಿಯನ್ನು ಸುಮ್ನೆ ಊಹೆ ಅಂತ ಕರೆದರೆ ಸಾಕು. ಬಜೆಟ್ ಅಂದಾಗಲೇ ತೊಂದರೆ ಶುರು.

ಇನ್ನು ನೀರಿನ ಸೋರಿಕೆ. ಪೈಪುಗಳನ್ನು ಕೋಣೆಯ ಹಿಂದಿನ ಶಾಫ್ಟಿನಲ್ಲಿ, ಅಂದರೆ ಪೈಪಿಗೆಂದೇ ಬಿಟ್ಟ ಸಂದಿನಲ್ಲಿ ಇಟ್ಟರೆ ಪ್ಲಂಬರ್ ಹೊರಗಿನಿಂದಲೇ ರಿಪೇರಿ ಮಾಡಬಹುದು. ಜಾಗ ಉಳಿಸಲು ಆ ಶಾಫ್ಟನ್ನು ಕಿರಿದು ಮಾಡಿದರೆ ಮನುಷ್ಯ ಒಳಗೆ ಹಿಡಿಸುವುದಿಲ್ಲ. ಆಮೇಲೆ ಒಂದು ವಾಷರ್ ಬದಲಿಸಲೂ ಕೈದಿಯನ್ನು ಬೇರೆ ಕೋಣೆಗೆ ಕಳಿಸಬೇಕು, ಪ್ಲಂಬರ್ ಜೊತೆ ಕಾವಲು ನಿಲ್ಲಬೇಕು, ಒಳಗೆ ಹೋದ ಸ್ಪ್ಯಾನರ್‌ಗಳನ್ನೆಲ್ಲ ಹೊರಬರುವಾಗ ಎಣಿಸಿಕೊಳ್ಳಬೇಕು.